ಬಹರೈನ್ ರಜೆ: ಹೋಟೆಲಿಗಿಂತ ಮೊದಲು ತೀರ ಆರಿಸಿ

ಬಹರೈನಿಗೆ ರಜೆಗೆ ಹೊರಟವರು ಯಾರೇ ಇರಲಿ, "ಯಾವ ಹೋಟೆಲ್ ಒಳ್ಳೇದು?" ಎಂದೇ ಮಾತು ಶುರು ಮಾಡುತ್ತಾರೆ. ನಾನು ರಾಜಧಾನಿ ಮನಾಮಾದ ದೊಡ್ಡ ಹೋಟೆಲೊಂದರ ರಿಸರ್ವೇಶನ್ ವಿಭಾಗದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವಳು. ಉತ್ತರ ಕೊಡುವ ಮೊದಲು ನಾನು ತಿರುಗಿ ಕೇಳುವುದು ಒಂದೇ: ದಿನದಲ್ಲಿ ಎಷ್ಟು ಹೊತ್ತು ಹೋಟೆಲಿನೊಳಗೇ ಇರುತ್ತೀರಿ? ಬೆಳಿಗ್ಗೆ ತಿಂಡಿ ಮುಗಿಸಿ ಹೊರಟು ರಾತ್ರಿ ಮಲಗಲು ಬರುವವರಿಗೆ ಒಂದು ಜಾಗ, ಬಂದಮೇಲೆ ಈಜುಕೊಳದ ದಂಡೆ ಬಿಟ್ಟು ಏಳುವುದಿಲ್ಲ ಎನ್ನುವವರಿಗೆ ಇನ್ನೊಂದು ಜಾಗ. ಇದನ್ನು ಮನೆಯಲ್ಲಿ ಕೂತು ತೀರ್ಮಾನಿಸಿಕೊಳ್ಳದೆ ಹೋಟೆಲಿನ ಹೆಸರು ಹುಡುಕಲು ಹೋಗಬೇಡಿ.

ನಕ್ಷೆಯಲ್ಲಿ ನೋಡಿದರೆ ದ್ವೀಪ ಪುಟ್ಟದು. ಉತ್ತರದಿಂದ ದಕ್ಷಿಣಕ್ಕೆ ಸುಮಾರು 50 ಕಿ.ಮೀ., ಅಗಲ ಅದರ ಅರ್ಧಕ್ಕಿಂತಲೂ ಕಡಿಮೆ. ಎಲ್ಲಿದ್ದರೇನು, ಎಲ್ಲವೂ ಅರ್ಧ-ಮುಕ್ಕಾಲು ಗಂಟೆಯ ದಾರಿ ತಾನೇ ಅನಿಸುತ್ತದೆ. ಆದರೆ ಮಕ್ಕಳನ್ನೋ ವಯಸ್ಸಾದವರನ್ನೋ ಕರೆದುಕೊಂಡು ಆ ದಾರಿಯನ್ನು ದಿನಕ್ಕೆರಡು ಸಲ ಸವೆಸಿ ನೋಡಿ. ಇಷ್ಟೊಂದು ದುಡ್ಡು ಕೊಟ್ಟು ಹಿಡಿದ ರೂಮಿನಲ್ಲಿ ಕೂರಲು ಪುರುಸೊತ್ತೇ ಸಿಗುವುದಿಲ್ಲ. ಇಲ್ಲಿನ ಐಷಾರಾಮಿ ಹೋಟೆಲುಗಳು ನಾಲ್ಕು ಕಡೆ ಗುಂಪುಗೂಡಿವೆ, ನಾಲ್ಕರ ಸ್ವಭಾವವೂ ಬೇರೆ.

ಮನಾಮಾದ ಉತ್ತರದಂಚು: ಬಹರೈನ್ ಬೇ ಮತ್ತು ಸೀಫ್

ಮೊದಲ ಸಲ ಬರುವವರು, ಮೂರು ನಾಲ್ಕು ದಿನ ಮಾತ್ರ ಇರುವವರು ಇಲ್ಲೇ ಉಳಿಯಿರಿ. ವಿಮಾನ ನಿಲ್ದಾಣ ಮುಹರ್ರಕ್ ದ್ವೀಪದಲ್ಲಿದೆ, ಸೇತುವೆ ದಾಟಿದರೆ ಮನಾಮಾ. ದಟ್ಟಣೆ ಇಲ್ಲದ ಹೊತ್ತಿನಲ್ಲಿ ಹದಿನೈದು ಇಪ್ಪತ್ತು ನಿಮಿಷದಲ್ಲಿ ರೂಮಿನ ಬಾಗಿಲಲ್ಲಿ ಇರುತ್ತೀರಿ. ಫೋರ್ ಸೀಸನ್ಸ್ ಇರುವುದು ಬಹರೈನ್ ಬೇಯ ನಡುವೆ ತನ್ನದೇ ಪುಟ್ಟ ದ್ವೀಪದ ಮೇಲೆ. ಅಲ್ಲಿ ಊರಿನ ಕಡೆ ಮುಖ ಮಾಡಿದ ರೂಮು ಕೇಳಿ. ಸಮುದ್ರದ ಕಡೆಯದಕ್ಕೆ ಜಾಸ್ತಿ ಕೊಡಬೇಕಾಗುತ್ತದೆ, ಆದರೆ ಸಂಜೆಯ ಸೊಗಸು ಇರುವುದು ಇತ್ತ ಕಡೆ. ವರ್ಲ್ಡ್ ಟ್ರೇಡ್ ಸೆಂಟರಿನ ಜೋಡಿ ಗೋಪುರ, ಅವುಗಳ ನಡುವೆ ಅಡ್ಡಕ್ಕೆ ಕೂರಿಸಿದ ಮೂರು ಗಾಳಿಯಂತ್ರ, ಕೆಳಗೆ ನೀರಲ್ಲಿ ನಡುಗುವ ದೀಪಗಳು. ದಿ ಅವೆನ್ಯೂಸ್ ಮಾಲ್ ಹತ್ತಿರ. 1949ರ ಬಾಬ್ ಅಲ್ ಬಹರೈನ್ ಹೆಬ್ಬಾಗಿಲು, ಅದರ ಹಿಂದಿನ ಹಳೇ ಸೂಕ್ (ಅಂದರೆ ಪೇಟೆ), ಸೂಕಿನ ಒಳಗಲ್ಲಿಯಲ್ಲಿ ಸುಮಾರು ಇನ್ನೂರು ವರ್ಷದ ಶ್ರೀನಾಥಜಿ ದೇವಸ್ಥಾನ, ಎಲ್ಲವೂ ಕೈಗೆಟಕುವ ದೂರ.

ಸೀಫ್ ಪೂರ್ತಿ ಸಮುದ್ರ ತುಂಬಿಸಿ ಮಾಡಿದ ನೆಲ. ಮಾಲ್‌ಗಳ ಜಾಗ. ಮಕ್ಕಳಿದ್ದು, ಬಿಸಿಲಿನ ತಿಂಗಳಲ್ಲೇ ಬರಬೇಕಾದ ಅನಿವಾರ್ಯ ಇದ್ದರೆ ಸಿಟಿ ಸೆಂಟರ್ ಮಾಲಿಗೆ ಅಂಟಿಕೊಂಡ ವೆಸ್ಟಿನ್ ಅಥವಾ ಲೆ ಮೆರಿಡಿಯನ್ ನೋಡಿ. ರೂಮಿನಿಂದ ಹೊರಗಿನ ಬಿಸಿಲಿಗೆ ಕಾಲಿಡದೆ ಊಟ, ಸಿನಿಮಾ, ಮಕ್ಕಳ ವಾಟರ್ ಪಾರ್ಕ್ ಎಲ್ಲ ಮುಗಿಯುತ್ತದೆ. ಊರೊಳಗೇ ಇರಬೇಕು, ಮರಳ ದಂಡೆಯೂ ಬೇಕು ಅಂದರೆ ರಿಟ್ಜ್-ಕಾರ್ಲ್ಟನ್. ಅದರ ಕಡಲತೀರ ತೆರೆದ ಸಮುದ್ರಕ್ಕಲ್ಲ, ಒಳಗೆ ತಂದ ಲಗೂನಿಗೆ, ಅಂದರೆ ಸುತ್ತ ನೆಲವಿರುವ ಶಾಂತ ನೀರಿಗೆ. ಈಜು ಕಲಿಯುತ್ತಿರುವ ಮಕ್ಕಳಿಗೆ ಇದಕ್ಕಿಂತ ನೆಮ್ಮದಿಯ ನೀರು ಊರೊಳಗೆ ನಾನು ಕಂಡಿಲ್ಲ. ಕಲಾತ್ ಅಲ್ ಬಹರೈನ್ ಕೋಟೆಯೂ ಇದೇ ಉತ್ತರ ತೀರದಲ್ಲಿ, ಹತ್ತಿರವೇ ಇದೆ. 2005ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಜಾಗ. ಸಂಜೆ ಬಿಸಿಲು ಇಳಿದ ಮೇಲೆ ಹೋಗಿ, ಗೋಡೆಯ ಮೇಲೆ ನಡೆದಾಡಿ.

ಅದ್ಲಿಯಾ, ಜುಫೇರ್

ಇದನ್ನು ಬೇಗ ಮುಗಿಸುತ್ತೇನೆ. ಅದ್ಲಿಯಾ ತಿನ್ನುವವರ ಕೇರಿ. ಬ್ಲಾಕ್ 338ರ ಗಲ್ಲಿಗಳಲ್ಲಿ ರೆಸ್ಟೋರೆಂಟು, ಕಲಾ ಗ್ಯಾಲರಿ, ನಡೆದೇ ಸುತ್ತಬಹುದು. 1969ರಿಂದ ಇರುವ ಗಲ್ಫ್ ಹೋಟೆಲ್ ಈ ಭಾಗದ ಹಳೇ ದೊಡ್ಡ ಹೆಸರು. ಕಡಲತೀರ ಇಲ್ಲ, ಆದರೆ ಆತಿಥ್ಯದಲ್ಲಿ ಹಳಬರ ಕೈ ಇದೆ. ಜುಫೇರ್‌ನಲ್ಲಿ ಅಲ್ ಫತೇಹ್ ಮಹಾ ಮಸೀದಿ ಇದೆ, ಅಮೆರಿಕದ ನೌಕಾನೆಲೆಯೂ ಇದೆ. ಆ ಕಾರಣಕ್ಕೆ ರಾತ್ರಿ ತಡವಾಗುವವರೆಗೂ ಓಡಾಟ, ಸಂಗೀತ. ಒಳ್ಳೊಳ್ಳೆಯ ಸರ್ವೀಸ್ಡ್ ಅಪಾರ್ಟ್‌ಮೆಂಟುಗಳು ಇಲ್ಲಿ ಸಿಗುತ್ತವೆ, ಅಡುಗೆಮನೆ ಇರುತ್ತದೆ, ನಾಲ್ಕೈದು ಜನರ ಕುಟುಂಬಕ್ಕೆ ಅನುಕೂಲ. ಬುಕ್ ಮಾಡುವ ಮೊದಲು ಫೋನ್ ಮಾಡಿ ನೇರವಾಗಿ ಕೇಳಿ: ಕಟ್ಟಡದಲ್ಲಿ ನೈಟ್‌ಕ್ಲಬ್ ಇದೆಯಾ, ಇದ್ದರೆ ಯಾವ ಮಹಡಿಯಲ್ಲಿ? ಕೇಳಿದರೆ ಹೇಳುತ್ತಾರೆ. ಕೇಳದಿದ್ದರೆ ಅವರಾಗಿ ಹೇಳುವುದಿಲ್ಲ.

ಮುಹರ್ರಕ್ ಮತ್ತು ಅದರ ಹೊಸ ತೀರಗಳು

ಮುಹರ್ರಕ್ ಬಗ್ಗೆ ನನಗೆ ವಿಶೇಷ ಪ್ರೀತಿ. ಎಣ್ಣೆ ಸಿಗುವ ಮೊದಲು, ಅಂದರೆ 1932ಕ್ಕೂ ಮೊದಲು, ಈ ದ್ವೀಪ ಬದುಕಿದ್ದು ಮುತ್ತಿನಿಂದ. ಮುತ್ತಿನ ವರ್ತಕರ ಮನೆ, ಮುಳುಗುಗಾರರ ಮನೆ, ದೋಣಿ ಹೊರಡುತ್ತಿದ್ದ ಬು ಮಾಹಿರ್ ದಂಡೆ ಎಲ್ಲವನ್ನೂ ಜೋಡಿಸಿ ಸುಮಾರು ಮೂರೂವರೆ ಕಿ.ಮೀ. ಉದ್ದದ ಮುತ್ತಿನ ಹಾದಿ ಮಾಡಿದ್ದಾರೆ. 2012ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಹಳೇ ಮನೆಗಳನ್ನೇ ಸರಿಮಾಡಿ ನಡೆಸುವ ಪುಟ್ಟ ಬುಟೀಕ್ ಹೋಟೆಲುಗಳು ಈ ಗಲ್ಲಿಗಳ ನಡುವೆ ಇವೆ. ಈಜುಕೊಳ, ಹತ್ತು ಬಗೆಯ ಬಫೆ ನಿರೀಕ್ಷಿಸಬೇಡಿ. ಬೆಳಿಗ್ಗೆ ಎದ್ದು ಸೂಕಿನ ಚಹಾದಂಗಡಿಯಲ್ಲಿ ಕೂತರೆ ತಂದೂರಿ ಒಲೆಯಿಂದ ಆಗಷ್ಟೇ ತೆಗೆದ ಖುಬ್ಜ್ ರೊಟ್ಟಿ, ಸಿಹಿ ಶಾವಿಗೆಯ ಮೇಲೆ ಮೊಟ್ಟೆ ಹರಡಿದ ಬಲಾಲೀತ್, ಗಟ್ಟಿ ಕರಕ್ ಚಹಾ. ಐಷಾರಾಮ ಅಂದರೆ ನಿಮಗೆ ಇದು ಎಂದಾದರೆ ಎರಡು ರಾತ್ರಿ ಇಲ್ಲಿರಿ. ಮಸೀದಿಗಳು ತೀರ ಹತ್ತಿರ, ನಸುಕಿನ ಆಜಾನ್ ಕಿಟಕಿಯ ಪಕ್ಕದಲ್ಲೇ ಕೇಳಿಸುತ್ತದೆ. ನಿದ್ದೆ ತೆಳು ಇರುವವರು ಅಂಗಳದ ಒಳಗಡೆಯ ರೂಮು ಕೇಳಿಕೊಳ್ಳಿ.

ಮುಹರ್ರಕ್‌ನ ಉತ್ತರ ಮತ್ತು ಈಶಾನ್ಯಕ್ಕೆ ಹೊಸದಾಗಿ ಕಟ್ಟಿದ ತೀರಗಳಿವೆ. ದಿಯಾರ್ ಅಲ್ ಮುಹರ್ರಕ್‌ನ ಮರಾಸಿಯಲ್ಲಿ ಅಡ್ರೆಸ್ ಮತ್ತು ವಿದಾ ಬೀಚ್ ರೆಸಾರ್ಟುಗಳು, ಅಮ್ವಾಜ್ ದ್ವೀಪಗಳಲ್ಲಿ ಆರ್ಟ್ ಹೋಟೆಲ್. ಸಮುದ್ರ, ಮಾಲ್, ವಿಮಾನ ನಿಲ್ದಾಣ ಮೂರೂ ಹತ್ತಿರ ಇರಬೇಕು ಎನ್ನುವ ಕುಟುಂಬಕ್ಕೆ ನಾನು ಮೊದಲು ಹೇಳುವುದು ಮರಾಸಿಯನ್ನೇ. ಒಂದು ಎಚ್ಚರಿಕೆ ಮಾತ್ರ ಇಟ್ಟುಕೊಳ್ಳಿ. ಹೊಸ ನೆಲ ಅಂದರೆ ಕಟ್ಟುವ ಕೆಲಸ ಮುಗಿಯದ ನೆಲ. ಬುಕ್ ಮಾಡುವ ದಿನ ಉಪಗ್ರಹ ನಕ್ಷೆ ತೆರೆದು ಹೋಟೆಲಿನ ಅಕ್ಕಪಕ್ಕ ಖಾಲಿ ಮಣ್ಣಿನ ಜಾಗ ಇದೆಯಾ ನೋಡಿ. ಇದ್ದರೆ ಮೇಲ್ ಬರೆದು ಕೇಳಿ, ಯಾವ ಬದಿಯಲ್ಲಿ ಕ್ರೇನ್ ನಿಂತಿದೆ ಎಂದು. "ಸೀ ವ್ಯೂ" ಎಂದು ಕೊಟ್ಟ ರೂಮಿನಿಂದ ಸಮುದ್ರ ಕಾಣುವುದು ನಿಜವೇ ಇರಬಹುದು, ಕೆಳಗೆ ಬೆಳಿಗ್ಗೆ ಏಳಕ್ಕೆ ಕಾಂಕ್ರೀಟ್ ಮಿಕ್ಸರ್ ಶುರುವಾಗುವುದೂ ನಿಜ ಇರಬಹುದು.

ಪಶ್ಚಿಮ ತೀರ: ಜಲ್ಲಾಕ್

ನಮ್ಮ ದೊಡ್ಡಪ್ಪ ದೊಡ್ಡಮ್ಮ ಕುಂದಾಪುರದಿಂದ ಬಂದಾಗ ಜಲ್ಲಾಕ್‌ನಲ್ಲಿ ಉಳಿಸಿದ್ದೆ. ಸಂಜೆ ದಂಡೆಗೆ ಕರೆದುಕೊಂಡು ಹೋದರೆ ದೊಡ್ಡಮ್ಮ ಸೀರೆ ಎತ್ತಿ ಹಿಡಿದು ನೀರಿಗಿಳಿದು, ಮೊಣಕಾಲುದ್ದ ನೀರಲ್ಲಿ ನಿಂತು, ತುಂಬ ಹೊತ್ತು ಸುಮ್ಮನೆ ನೋಡಿದರು. ಆಮೇಲೆ ಕೇಳಿದರು, "ಇದೆಂಥ ಸಮುದ್ರ ಮಗಾ, ಅಲೆಯೇ ಇಲ್ಲ ಅಲ್ಲ?" ನಮ್ಮ ಕರಾವಳಿಯವರಿಗೆ ಇದು ಗೊತ್ತಿರಬೇಕಾದ ಸಂಗತಿ. ಕೊಲ್ಲಿಯ ನೀರು ಆಳ ಕಡಿಮೆ. ಪಶ್ಚಿಮದಲ್ಲಿ ಬಹರೈನ್ ಮತ್ತು ಸೌದಿ ನೆಲದ ನಡುವೆ ಸಿಕ್ಕಿಕೊಂಡ ಸಮುದ್ರ ಇನ್ನೂ ಶಾಂತ, ಉಪ್ಪು ಇನ್ನೂ ಜಾಸ್ತಿ. ಮೈ ತಾನಾಗಿ ತೇಲುತ್ತದೆ, ಕಣ್ಣಿಗೆ ಹೋದರೆ ಚೆನ್ನಾಗಿ ಉರಿಯುತ್ತದೆ. ಅಲೆಯಾಟ ಬಯಸುವವರಿಗೆ ಬಹರೈನ್ ಅಲ್ಲ. ಪುಟ್ಟ ಮಕ್ಕಳು, ಮಂಡಿನೋವಿನವರು, ನೀರು ಕಂಡರೆ ಹೆದರುವವರು, ಇವರಿಗೆಲ್ಲ ಇಂಥ ದಂಡೆ ಸಿಗುವುದು ಅಪರೂಪ. ಮತ್ತೆ, ಸೂರ್ಯ ಸಮುದ್ರಕ್ಕೆ ಮುಳುಗುವುದನ್ನು ರೂಮಿನ ಬಾಲ್ಕನಿಯಿಂದಲೇ ನೋಡಬೇಕಿದ್ದರೆ ಈ ತೀರಕ್ಕೇ ಬರಬೇಕು.

ಇಲ್ಲಿ ಸೋಫಿಟೆಲ್‌ನ ಜಲ್ಲಾಕ್ ರೆಸಾರ್ಟ್ ಸಮುದ್ರದ ನೀರಿನಿಂದಲೇ ಚಿಕಿತ್ಸೆ ಕೊಡುವ ಥಲಾಸ್ಸಾ ಸ್ಪಾಗೆ ಹೆಸರುವಾಸಿ. ಜುಮೇರಾ ಗಲ್ಫ್ ಆಫ್ ಬಹರೈನ್ ರೆಸಾರ್ಟ್ ಕೂಡ ಇದೇ ತೀರದಲ್ಲಿದೆ. ಒಳನಾಡಿಗೆ ಸ್ವಲ್ಪ ಸರಿದರೆ ರಾಫಲ್ಸ್ ಅಲ್ ಅರೀನ್ ಪ್ಯಾಲೇಸ್. ಪೂರ್ತಿ ವಿಲ್ಲಾಗಳು, ಪ್ರತಿ ವಿಲ್ಲಾಕ್ಕೂ ಗೋಡೆಯೊಳಗಿನ ಸ್ವಂತ ಈಜುಕೊಳ. ಸಮುದ್ರ ಅಂಗಳದಲ್ಲಿಲ್ಲ. ಆದರೆ ಅಪರಿಚಿತರ ಎದುರು ಈಜುಡುಗೆ ಹಾಕಲು ಮುಜುಗರಪಡುವ ನಮ್ಮ ಎಷ್ಟೋ ಹೆಂಗಸರಿಗೆ ಆ ಗೋಡೆಯೊಳಗಿನ ಕೊಳ ಸಮುದ್ರಕ್ಕಿಂತ ದೊಡ್ಡ ಸುಖ. ಅಲ್ ಅರೀನ್ ವನ್ಯಧಾಮ, ಲಾಸ್ಟ್ ಪ್ಯಾರಡೈಸ್ ಆಫ್ ದಿಲ್ಮುನ್ ವಾಟರ್ ಪಾರ್ಕ್, ಸಖೀರ್‌ನ ಫಾರ್ಮುಲಾ ಒನ್ ಸರ್ಕ್ಯೂಟ್ ಎಲ್ಲ ಅಲ್ಲೇ ಆಸುಪಾಸು.

ಜಲ್ಲಾಕ್ ಆರಿಸಿದರೆ ಊಟದ ಲೆಕ್ಕ ಮೊದಲೇ ಹಾಕಿ. ಹೊರಗೆ ನಡೆದು ಹೋಗಿ ಏನಾದರೂ ತಿಂದು ಬರುವ ಜಾಗ ಇದಲ್ಲ. ಮೂರು ಹೊತ್ತೂ ಹೋಟೆಲಿನ ಮೆನು ನೋಡಿ ಆರ್ಡರ್ ಮಾಡಿದರೆ ಬಿಲ್ ಏರುತ್ತದೆ, ಹಾಗಾಗಿ ಇಲ್ಲಿ ಹಾಫ್ ಬೋರ್ಡ್ (ರೂಮಿನ ರೇಟಿನಲ್ಲೇ ತಿಂಡಿ ಮತ್ತು ಒಂದು ಹೊತ್ತಿನ ಊಟ) ತೆಗೆದುಕೊಳ್ಳುವುದು ಬುದ್ಧಿವಂತಿಕೆ. ಮನಾಮಾದಲ್ಲಿ ಅದೇ ಹಾಫ್ ಬೋರ್ಡ್ ದಂಡ, ತಿಂಡಿ ಮಾತ್ರ ಸೇರಿರಲಿ. ಸಂಜೆ ಸೂಕಿನ ಕಡೆ ಹೋದರೆ ಮಲಯಾಳಿ, ಪಾಕಿಸ್ತಾನಿ, ಇರಾನಿ ಊಟಗಳು ಸಾಲಾಗಿ ಕಾದಿರುತ್ತವೆ. ಕಾರು ಬಾಡಿಗೆಗೆ ತೆಗೆದುಕೊಳ್ಳುವ ಯೋಚನೆ ಇದ್ದರೆ ಅದೂ ಜಲ್ಲಾಕ್‌ನವರಿಗೇ ಉಪಯೋಗ. ಅಂತರರಾಷ್ಟ್ರೀಯ ಚಾಲನಾ ಪರವಾನಗಿ ತನ್ನಿ, ಇಲ್ಲಿ ವಾಹನ ರಸ್ತೆಯ ಬಲಬದಿಯಲ್ಲಿ ಓಡುತ್ತದೆ ಎಂಬುದು ನೆನಪಿರಲಿ.

ಯಾವ ದಿನ ಬರುತ್ತೀರಿ ಎಂಬುದೇ ಅರ್ಧ ರೇಟು

ಗುರುವಾರ ಸಂಜೆ ಆರರ ನಂತರ ಮನಾಮಾದ ಯಾವುದೇ ದೊಡ್ಡ ಹೋಟೆಲಿನ ಲಾಬಿಗೆ ಹೋಗಿ ನಿಲ್ಲಿ. ಊದ್ ಸುಗಂಧದ ಘಮ, ಸ್ಟ್ರಾಲರುಗಳ ಸಾಲು, ನಿದ್ದೆಗಣ್ಣಿನ ಮಕ್ಕಳು, ಟ್ರಾಲಿಯ ಮೇಲೆ ಮನೆಯ ದಿಂಬುಗಳ ಸಮೇತ ಸಾಮಾನು, ರಿಸೆಪ್ಶನ್ನಿನ ಎದುರು ಕೀಲಿಗಾಗಿ ಕಾದು ನಿಂತ ಅಪ್ಪಂದಿರು. 1986ರಲ್ಲಿ ತೆರೆದ 25 ಕಿ.ಮೀ. ಉದ್ದದ ಕಿಂಗ್ ಫಹದ್ ಸೇತುವೆ ದಾಟಿ ಸೌದಿಯ ಪೂರ್ವಭಾಗದ ಕುಟುಂಬಗಳು ವಾರದ ರಜೆಗೆ ಬರುವ ಹೊತ್ತು ಅದು. ಎರಡೂ ದೇಶದಲ್ಲಿ ಶುಕ್ರವಾರ-ಶನಿವಾರ ರಜೆ. ಹಾಗಾಗಿ ಗುರುವಾರ ಮತ್ತು ಶುಕ್ರವಾರದ ರಾತ್ರಿ ರೇಟು ಹಾರುತ್ತದೆ, ನಡುವೆ ಬಾಗಿಲಿರುವ ಜೋಡಿ ರೂಮುಗಳು ಮೊದಲು ಖಾಲಿಯಾಗುತ್ತವೆ, ತಿಂಡಿಯ ಹಾಲಿನಲ್ಲಿ ಮೇಜು ಸಿಗುವುದು ತಡ. ಭಾನುವಾರ ಬಂದು ಗುರುವಾರ ಬೆಳಿಗ್ಗೆ ಹೊರಡುವ ಹಾಗೆ ಟಿಕೆಟ್ ಮಾಡಿಸಿದರೆ ಅದೇ ರೂಮು ಕಡಿಮೆಗೆ ಸಿಗುತ್ತದೆ, ಈಜುಕೊಳವೂ ಹೆಚ್ಚುಕಡಿಮೆ ನಿಮ್ಮದೇ. ಇಷ್ಟು ದೊಡ್ಡ ಉಳಿತಾಯ ಕೊಡುವ ಕೂಪನ್ ಯಾವ ಆ್ಯಪಿನಲ್ಲೂ ನಾನು ನೋಡಿಲ್ಲ.

ಫಾರ್ಮುಲಾ ಒನ್ ವಾರ ಬೇಡವೇ ಬೇಡ, ನೀವು ಅದಕ್ಕೇ ಬರುವವರಲ್ಲದಿದ್ದರೆ. 2004ರಿಂದ ನಡೆಯುತ್ತಿರುವ ರೇಸ್, ಸಾಮಾನ್ಯವಾಗಿ ಮಾರ್ಚ್ ಅಥವಾ ಏಪ್ರಿಲ್. ಸಖೀರ್‌ನಲ್ಲಿ ರೇಸ್ ನಡೆದರೂ ಮನಾಮಾದವರೆಗೆ ರೂಮು ಬಿಗಿಯಾಗುತ್ತದೆ. ಎರಡೂ ಈದ್ ರಜೆಗಳೂ ಹಾಗೆಯೇ. ರಂಜಾನ್ ತಿಂಗಳ ಮಾತು ಬೇರೆ. ಹಗಲು ಊಟಕ್ಕೆ ರೂಮ್ ಸರ್ವಿಸನ್ನೋ ಪರದೆ ಹಾಕಿದ ಒಂದು ರೆಸ್ಟೋರೆಂಟನ್ನೋ ನಂಬಿಕೊಳ್ಳಬೇಕು, ಬಾರ್‌ಗಳಿಗೆ ರಜೆ, ಆದರೆ ರೇಟು ಇಳಿದಿರುತ್ತದೆ ಮತ್ತು ಸೂರ್ಯಾಸ್ತದ ನಂತರ ಹೋಟೆಲುಗಳು ಹಾಕುವ ಇಫ್ತಾರ್ ಡೇರೆಗಳ ಸೊಬಗು ಬೇರೆ ಯಾವ ತಿಂಗಳಲ್ಲೂ ಸಿಗುವುದಿಲ್ಲ. ಸುಮ್ಮನಿರುವ ರಜೆ ಇಷ್ಟಪಡುವ ದಂಪತಿಗೆ ನಾನು ಇದನ್ನು ಮನಸಾರೆ ಹೇಳುತ್ತೇನೆ.

ಹವೆಯ ಲೆಕ್ಕಕ್ಕೆ ನವೆಂಬರಿನಿಂದ ಮಾರ್ಚ್. ಜೂನ್‌ನಿಂದ ಸೆಪ್ಟೆಂಬರ್ ಬಿಸಿಲು 40 ಡಿಗ್ರಿ ದಾಟುತ್ತದೆ, ಜೊತೆಗೆ ಸೆಕೆ, ಸಮುದ್ರದ ನೀರೂ ಬೆಚ್ಚಗೆ. ಆಗ ಕೇಳಬೇಕಾದ ಪ್ರಶ್ನೆ "ಈಜುಕೊಳದ ನೀರು ತಂಪು ಮಾಡುತ್ತೀರಾ?" ಡಿಸೆಂಬರ್-ಫೆಬ್ರವರಿಯಲ್ಲಿ ಅದೇ ಪ್ರಶ್ನೆಯನ್ನು ತಿರುಗಿಸಿ: "ಬಿಸಿ ಮಾಡುತ್ತೀರಾ? ಮಕ್ಕಳ ಕೊಳವನ್ನೂ ಮಾಡುತ್ತೀರಾ?" ಜನವರಿಯ ಗಾಳಿಗೆ ಬಿಸಿ ಮಾಡದ ಕೊಳದಲ್ಲಿ ಮಕ್ಕಳು ಐದು ನಿಮಿಷ ನಿಲ್ಲುವುದಿಲ್ಲ. ದೊಡ್ಡವರ ಕೊಳ ಮಾತ್ರ ಬಿಸಿ ಇರುವ ಹೋಟೆಲುಗಳೂ ಇವೆ, ಆ ಎರಡನೇ ಪ್ರಶ್ನೆಯನ್ನು ಮರೆಯಬೇಡಿ.

ದಿನಾರಿನ ಲೆಕ್ಕ

ದಿನಾರು ಕಣ್ಣಿಗೆ ಸಣ್ಣದಾಗಿ ಕಾಣುತ್ತದೆ. 60 ದಿನಾರು ಅಂದಾಗ ಏನು ಮಹಾ ಅನಿಸಬಹುದು. ಇಲ್ಲಿನ ದಿನಾರನ್ನು ಡಾಲರಿಗೆ ಕಟ್ಟಿಹಾಕಿದ್ದಾರೆ, ಒಂದು ಡಾಲರಿಗೆ 0.376 ದಿನಾರು. ಅಂದರೆ 60 ದಿನಾರು ಹತ್ತಿರ ಹತ್ತಿರ 160 ಡಾಲರ್. ಒಂದು ದಿನಾರಿಗೆ 1000 ಫಿಲ್ಸ್, ಹಾಗಾಗಿ ಬಿಲ್ಲಿನಲ್ಲಿ ಚುಕ್ಕೆಯ ನಂತರ ಮೂರು ಅಂಕಿ ಇರುತ್ತವೆ, ಗಾಬರಿಯಾಗಬೇಡಿ.

ರೇಟಿನ ಪಕ್ಕ ಎರಡು ಪ್ಲಸ್ ಚಿಹ್ನೆ ಇದ್ದರೆ ಅಲ್ಲಿಗೆ ಲೆಕ್ಕ ಮುಗಿದಿಲ್ಲ ಎಂದರ್ಥ. ಸರ್ವಿಸ್ ಚಾರ್ಜ್, ಸರ್ಕಾರದ ಶುಲ್ಕ, ಮೇಲೆ ವ್ಯಾಟ್. ವ್ಯಾಟ್ 2022ರಿಂದ ಶೇ. 10. ಸರ್ವಿಸ್ ಚಾರ್ಜೂ ಶೇ. 10 ಇದೆ ಎಂದುಕೊಳ್ಳಿ, 60 ದಿನಾರು 66 ಆಯಿತು, ಅದರ ಮೇಲೆ ವ್ಯಾಟ್ ಬಿದ್ದು 72.600. ಸರ್ಕಾರದ ಶುಲ್ಕ ಇನ್ನೂ ಸೇರಿಲ್ಲ. ಒಂದು ಸೈಟಿನಲ್ಲಿ ಎಲ್ಲ ಸೇರಿಸಿದ ರೇಟು, ಇನ್ನೊಂದರಲ್ಲಿ ಸೇರಿಸದ ರೇಟು ಇರುವಾಗ ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರೆ ದಾರಿ ತಪ್ಪುತ್ತೀರಿ. ಹೋಟೆಲಿಗೆ ಕೇಳಬೇಕಾದ್ದು ಇಷ್ಟೇ: "ಹೊರಡುವ ದಿನ ಒಟ್ಟು ಎಷ್ಟು ದಿನಾರು ಕಟ್ಟಬೇಕು?" ಉತ್ತರ ಬರವಣಿಗೆಯಲ್ಲಿ ಬರಲಿ. ಚೆಕ್-ಇನ್ ಹೊತ್ತಿಗೆ ಕಾರ್ಡಿನ ಮೇಲೆ ಒಂದಷ್ಟು ಮೊತ್ತ ಹಿಡಿದಿಡುತ್ತಾರೆ, ಅದಕ್ಕೆ ಕ್ರೆಡಿಟ್ ಕಾರ್ಡೇ ಕೊಡಿ. ಡೆಬಿಟ್ ಕಾರ್ಡ್ ಕೊಟ್ಟರೆ ನಿಮ್ಮ ಸ್ವಂತ ಹಣ ಸಿಕ್ಕಿಹಾಕಿಕೊಂಡು, ರಜೆ ಮುಗಿದ ಮೇಲೂ ಕೆಲವು ದಿನ ವಾಪಸ್ ಬರುವುದಿಲ್ಲ.

ಹೋಟೆಲಿಗೆ ಬರೆಯುವ ಮೇಲ್

ಯಾವ ಸೈಟಿನಲ್ಲೇ ಬುಕ್ ಮಾಡಿ, ಮಾಡಿದ ಮರುದಿನ ಹೋಟೆಲಿನ ರಿಸರ್ವೇಶನ್ನಿಗೆ ನೇರವಾಗಿ ಒಂದು ಮೇಲ್ ಹಾಕಿ. ನಮ್ಮ ಡೆಸ್ಕಿನಲ್ಲಿ ಇಂಥ ಮೇಲ್‌ಗಳನ್ನು ಬುಕಿಂಗಿಗೆ ಅಂಟಿಸಿ ಇಡುತ್ತಿದ್ದೆವು, ರೂಮು ಹಂಚುವವರು ಬೆಳಿಗ್ಗೆ ಮೊದಲು ನೋಡುವುದೇ ಆ ಟಿಪ್ಪಣಿಯನ್ನು. ಏನೂ ಬರೆಯದವರಿಗೆ ಉಳಿದ ರೂಮು ಹೋಗುತ್ತದೆ. ಲಿಫ್ಟಿನಿಂದ ದೂರದ ರೂಮು ಬೇಕೋ ಹತ್ತಿರದ್ದೋ (ಮಂಡಿನೋವಿನವರಿದ್ದರೆ ಹತ್ತಿರದ್ದು), ಸ್ನಾನಕ್ಕೆ ಟಬ್ ಹತ್ತಬೇಕೋ ಅಥವಾ ಬೇರೆ ಶವರ್ ಇದೆಯೋ, ಮಕ್ಕಳಿಗೆ ಯಾವ ವಯಸ್ಸಿನವರೆಗೆ ತಿಂಡಿ ಉಚಿತ, ಇಷ್ಟನ್ನು ಕೇಳಿ. ಸಸ್ಯಾಹಾರಿಗಳು "ವೆಜ್" ಎಂದಷ್ಟೇ ಬರೆಯಬೇಡಿ, ಮೊಟ್ಟೆ ನಡೆಯುತ್ತದೋ ಇಲ್ಲವೋ, ಈರುಳ್ಳಿ-ಬೆಳ್ಳುಳ್ಳಿ ನಡೆಯುತ್ತದೋ ಇಲ್ಲವೋ ಬಿಡಿಸಿ ಬರೆಯಿರಿ. ಇಲ್ಲಿನ ಹೋಟೆಲುಗಳ ಅಡುಗೆಮನೆಯಲ್ಲಿ ನಮ್ಮ ದೇಶದವರು ಬಹಳ. ಮೊದಲೇ ಗೊತ್ತಿದ್ದರೆ ಬಫೆಯಲ್ಲಿಲ್ಲದ ದೋಸೆಯನ್ನೂ ಮಾಡಿಕೊಡುತ್ತಾರೆ, ಮಾಡಿಕೊಟ್ಟಿದ್ದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ.

ಕಡಲತೀರದ ಬಗ್ಗೆ ಒಂದು ಸಾಲು ಸೇರಿಸಿ. ನೀರಿಗಿಳಿಯುವ ಜಾಗದಲ್ಲಿ ಕಾಲಡಿ ಮರಳಿದೆಯಾ, ಕಲ್ಲಿದೆಯಾ? ಇಳಿತದ ಹೊತ್ತಲ್ಲೂ ಈಜುವಷ್ಟು ನೀರು ಇರುತ್ತದಾ? ಉತ್ತರ ತೀರದ ಎಷ್ಟೋ ಕಡೆ ಇಳಿತವಾದಾಗ ನೀರು ದೂರ ಸರಿದು ಕಪ್ಪು ಕೆಸರು, ಏಡಿಯ ತೂತು, ಪಾಚಿ ಹಿಡಿದ ಕಲ್ಲು ಕಾಣಿಸಿಕೊಳ್ಳುತ್ತವೆ. ಹುಣ್ಣಿಮೆ-ಅಮಾವಾಸ್ಯೆಯ ಆಸುಪಾಸು ಇನ್ನೂ ಹೆಚ್ಚು. ಫೋಟೋ ತೆಗೆಯುವುದು ಭರತದ ಹೊತ್ತಿನಲ್ಲಿ. ಲಗೂನ್ ಇರುವ ಹೋಟೆಲುಗಳಲ್ಲಿ ಈ ತೊಂದರೆ ಕಡಿಮೆ. ಇಳಿತವನ್ನೇ ನೋಡಬೇಕೆಂದಿದ್ದರೆ ದೋಣಿ ಹತ್ತಿ ಜರಾದಾಕ್ಕೆ ಹೋಗಿ. ಸಮುದ್ರದ ನಡುವೆ ಇಳಿತದಲ್ಲಿ ಮಾತ್ರ ಮೇಲೇಳುವ ಬಿಳಿ ಮರಳ ದಿಬ್ಬ ಅದು, ನೀರು ಏರುವ ಮೊದಲು ವಾಪಸ್ ಹೊರಡಬೇಕು. ದೋಣಿಯ ಹೊತ್ತನ್ನು ಹೋಟೆಲಿನ ಕನ್ಸಿಯರ್ಜ್ (ಅತಿಥಿಗಳ ಓಡಾಟಕ್ಕೆ ನೆರವಾಗುವವರು) ಹತ್ತಿರ ಬಂದ ದಿನವೇ ಕೇಳಿಟ್ಟುಕೊಳ್ಳಿ, ಇಳಿತ ದಿನಕ್ಕೆ ಮುಕ್ಕಾಲು ಗಂಟೆಯಷ್ಟು ಮುಂದೆ ಹೋಗುತ್ತದೆ.

ಕೊನೆಯದಾಗಿ ವಿಮಾನದ ಹೊತ್ತು. ನಮ್ಮ ಕಡೆಯ ಎಷ್ಟೋ ವಿಮಾನಗಳು ಅಪವೇಳೆಯಲ್ಲಿ ಬಂದಿಳಿಯುತ್ತವೆ, ಅಪವೇಳೆಯಲ್ಲಿ ಹೊರಡುತ್ತವೆ. ರೂಮು ಸಿಗುವುದು ಮಧ್ಯಾಹ್ನ ಎರಡು-ಮೂರಕ್ಕೆ, ಬಿಡಬೇಕಾದ್ದು ಹನ್ನೆರಡಕ್ಕೆ. ನಸುಕಿನ ನಾಲ್ಕಕ್ಕೆ ಇಳಿಯುವವರು ಹಿಂದಿನ ರಾತ್ರಿಯದನ್ನೂ ಸೇರಿಸಿ ಬುಕ್ ಮಾಡಿ, "ಬೆಳಗಿನ ಜಾವ ಬರುತ್ತೇವೆ, ನೋ-ಶೋ ಮಾಡಬೇಡಿ" ಎಂದು ವಿಮಾನದ ನಂಬರಿನ ಸಮೇತ ಬರೆಯಿರಿ. ಅದಿಲ್ಲದಿದ್ದರೆ ಮಧ್ಯರಾತ್ರಿ ದಾಟಿದ ಮೇಲೆ ನೀವು ಬರಲಿಲ್ಲವೆಂದು ಬುಕಿಂಗ್ ಪೂರ್ತಿ ರದ್ದಾಗುವ ಸಂಭವವಿದೆ. ರಾತ್ರಿ ಹೊರಡುವವರು ಸಂಜೆ ಆರರವರೆಗೆ ರೂಮು ಇಟ್ಟುಕೊಳ್ಳಲು ಎಷ್ಟು ಎಂದು ಮೊದಲೇ ಕೇಳಿ. ವಾರದ ನಡುವೆಯಾದರೆ ಕೆಲವೊಮ್ಮೆ ಸುಮ್ಮನೆ ಕೊಡುತ್ತಾರೆ, ಗುರುವಾರ ಕೊಡುವುದಿಲ್ಲ. ರೂಮು ಸಿಗದಿದ್ದರೂ ಸಾಮಾನು ಬೆಲ್ ಡೆಸ್ಕಿನಲ್ಲಿ ಬಿಟ್ಟು, ಈಜುಕೊಳದ ಪಕ್ಕದ ಶವರ್ ಮತ್ತು ಬಟ್ಟೆ ಬದಲಿಸುವ ಕೋಣೆ ಬಳಸಲು ಒಪ್ಪಿಗೆ ಕೇಳಿ. ಒಂದು ಜೊತೆ ಒಣ ಬಟ್ಟೆ ಮೇಲಿನ ಚೀಲದಲ್ಲೇ ಇಟ್ಟುಕೊಂಡಿರಿ.